ಓದುಗರ ಪ್ರಶ್ನೆ: ಯಾವ ಬ್ರಾಕೆಟ್ ಛಲೋ?

ಪ್ರಶ್ನೆ: ನಮ್ಮದು ಭಾಲ್ಕಿ ಹಳೇ ಊರಾಗ ಅಜ್ಜನ ಕಾಲದ ಮನಿ. ಕಲ್ಲಿನ ಗ್ವಾಡಿ, ಒಳಗ ಮಣ್ಣು, ಮ್ಯಾಲ ಸಿಮೆಂಟ್ ಗಿಲಾವ್. 43 ಇಂಚಿನ ಟಿವಿ ತಂದೀವಿ. ಬೀದರದಾಗ ನಮ್ಮಣ್ಣ ಕೆಂಪು ಕಲ್ಲಿನ ಮನ್ಯಾಗ ಹೊರಗ ಎಳದು ಎಡಕ್ಕ ಬಲಕ್ಕ ತಿರುಗಿಸೋ ಬ್ರಾಕೆಟ್ ಹಾಕ್ಯಾನ, ನಮಗೂ ಅದೇ ಬೇಕಂತ ಮಕ್ಕಳ ಹಟ. ಔರಾದದಾಗ ನಮ್ಮ ಅತ್ತಿ ಮನ್ಯಾಗೂ ಒಂದು ಟಿವಿ ಹಚ್ಚೋದದ, ಅದು ಮಣ್ಣಿನ ಮಾಳಗಿ. ಮಗ ಪರೀಕ್ಷಾಕ್ಕ ಓದ್ಲತ್ತಾನ, ಅವನ ಕಂಪ್ಯೂಟರ್ ಮಾನಿಟರಿಗೂ ಒಂದು ಸ್ಟ್ಯಾಂಡ್ ಬೇಕು. ಯಾವ ಕಂಪನಿ ಬ್ರಾಕೆಟ್ ಛಲೋ ಅದ, ಎಷ್ಟು ಕಿಲೋ ತಡೀತದ, ಹೇಳ್ರಿ.
— ಓದುಗರೊಬ್ಬರು, ಭಾಲ್ಕಿ

ಉತ್ತರ: ಕಂಪನಿ ಹೆಸರು ನಾನು ಹೇಳುವುದಿಲ್ಲ. ಬಿದ್ದ ಟಿವಿಗಳನ್ನು ಕಂಡಿದ್ದೇನೆ, ಆದರೆ ಬ್ರಾಕೆಟ್ ಮುರಿದು ಬಿದ್ದದ್ದನ್ನು ಕಂಡಿಲ್ಲ. ಬ್ರಾಕೆಟ್ ನೆಟ್ಟಗೇ ಇರುತ್ತದೆ, ಟಿವಿ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಎರಡೂ ಕೂಡಿ, ನಾಲ್ಕು ಸ್ಕ್ರೂ ಸಮೇತ, ಗೋಡೆ ಬಿಟ್ಟು ಬಂದಿರುತ್ತವೆ. ಡಬ್ಬಿಯ ಮೇಲೆ 30 ಕಿಲೋ, 40 ಕಿಲೋ ಎಂದು ಬರೆದದ್ದು ಆ ಕಬ್ಬಿಣ ತಡೆಯುವ ತೂಕ. ನಿಮ್ಮ ಗೋಡೆ ಎಷ್ಟು ತಡೆಯುತ್ತದೆ ಎಂದು ಯಾವ ಡಬ್ಬಿಯೂ ಬರೆದುಕೊಡುವುದಿಲ್ಲ.

ಇದು ನಾನು ಪೆಟ್ಟು ತಿಂದು ಕಲಿತ ಪಾಠ. ಊರ ಮನೆಯಲ್ಲಿ 32 ಇಂಚಿನ ಟಿವಿ ಹಚ್ಚಲು ನಾನೇ ಡ್ರಿಲ್ ಹಿಡಿದಿದ್ದೆ. ಮೊದಲ ಅರ್ಧ ಇಂಚು ಗಟ್ಟಿಯಾಗಿ ಕೊರೆಯಿತು. ಆಮೇಲೆ ಬೆಣ್ಣೆಯೊಳಗೆ ಕಡ್ಡಿ ಹೋದಂತೆ ಸರ್ರನೆ ಒಳಗೆ ಹೋಯಿತು. ಕೆಲಸ ಹಗುರಾಯಿತಲ್ಲ ಎಂದು ಖುಷಿಪಟ್ಟೆ. ಗಟ್ಟಿ ಇದ್ದದ್ದು ಬರೀ ಗಿಲಾವು, ಒಳಗಿದ್ದದ್ದು ಮಣ್ಣು ಎಂಬುದು ಮೂರನೇ ವಾರಕ್ಕೆ ತಿಳಿಯಿತು. ಟಿವಿ ಬಿದ್ದ ಜಾಗದಲ್ಲಿ ನಾಲ್ಕು ಪ್ಲಾಸ್ಟಿಕ್ ಗಿಟ್ಟಿ, ಒಂದು ಬೊಗಸೆ ಮಣ್ಣು ಮತ್ತು ತಟ್ಟೆಯಷ್ಟು ಅಗಲದ ಗಿಲಾವಿನ ಹಪ್ಪಳ ಇದ್ದವು.

ಆದ್ದರಿಂದ ಬ್ರಾಕೆಟ್ ಮಾತು ಆಮೇಲೆ. ನಿಮ್ಮ ಪತ್ರದಲ್ಲಿ ಮೂರು ಊರಿನ ಮೂರು ಗೋಡೆಗಳಿವೆ. ಮೊದಲು ಅವನ್ನು ಓದೋಣ.

ಓದುವುದು ಕಷ್ಟವಲ್ಲ. ಟಿವಿ ಹಚ್ಚುವ ಗೋಡೆಯ ಕೆಳಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ, 6 ಮಿಲಿಮೀಟರ್ ಬಿಟ್‌ನಿಂದ ಒಂದು ತೂತು ಹಾಕಿಸಿ. ಕೆಳಗೆ ಬಿಳಿ ಹಾಳೆ ಹಿಡಿಯಿರಿ. ಮೊದಲು ಬೀಳುವ ಬೂದು ಪುಡಿ ಗಿಲಾವಿನದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದರ ಹಿಂದೆ ಬರುವುದೇ ಗೋಡೆಯ ಜಾತಕ. ಕೆಂಪಗೆ ತರಿತರಿಯಾಗಿ ಬಂದರೆ ಜಂಬಿಟ್ಟಿಗೆ, ಅಂದರೆ ನೀವು ಹೇಳಿದ ಕೆಂಪು ಕಲ್ಲು. ನುಣ್ಣಗೆ ಇಟ್ಟಿಗೆ ಬಣ್ಣದ್ದಾದರೆ ಸುಟ್ಟ ಇಟ್ಟಿಗೆ. ಬಿಟ್ ಕಾದು, ಮುಂದೆ ಹೋಗಲು ಒಲ್ಲೆ ಎಂದು, ಚೂರೇ ಚೂರು ಬೂದು ಪುಡಿ ಉದುರಿದರೆ ಕರಿಕಲ್ಲು. ಕಪ್ಪು ಅಥವಾ ಕಂದು ಮಣ್ಣು ಬಂದು ಬಿಟ್ ತಾನಾಗಿ ಒಳಗೆ ಓಡಿದರೆ ಅಲ್ಲಿಗೆ ಡ್ರಿಲ್ ನಿಲ್ಲಿಸಿ. ಗಿಲಾವು ದಾಟಿದ ಮೇಲೆ ಕನಿಷ್ಠ ಎರಡು ಇಂಚು ಒಂದೇ ಸಮನೆ ಬಿಗಿ ಸಿಗಬೇಕು. ಸಿಕ್ಕರೆ ಮಾತ್ರ ಅದು ಭಾರ ಹೊರುವ ಗೋಡೆ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ ಮಾತ್ರ ತೂತು ಹಾಕಬೇಡಿ, ಒಳಗೆ ವೈರು ಹೋಗಿರುತ್ತದೆ.

ಈಗ ಬೀದರಿಗೆ, ನಿಮ್ಮ ಅಣ್ಣನ ಗೋಡೆಗೆ ಬರೋಣ. ಬೀದರ ನಿಂತಿರುವುದೇ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನಲ್ಲಿ ಅದನ್ನು ಕಂಡು ಬರೆದ ಅವನ ಪುಸ್ತಕ 1807ರಲ್ಲಿ ಬಂತು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ‘ಲೇಟರ್’ ಎನ್ನುತ್ತಾರಂತೆ. ನಮ್ಮವರ ಹೆಸರಿನಲ್ಲೂ ಇಟ್ಟಿಗೆಯೇ ಇದೆ. ನೆಲದಿಂದ ಆಗಷ್ಟೇ ತೆಗೆದಾಗ ಕೊಡಲಿಗೂ ಬಗ್ಗುವಷ್ಟು ಮೆತ್ತಗಿರುವ ಈ ಕಲ್ಲು, ಗಾಳಿ ಬಿಸಿಲಿಗೆ ಬಂದ ಮೇಲೆ ಗಟ್ಟಿಯಾಗುತ್ತದೆ. ಬೀದರ ಕೋಟೆಯ ಸುತ್ತ ಬಂಡೆಯಲ್ಲೇ ಕಡಿದ ಮೂರು ಸಾಲಿನ ಕಂದಕ ನೋಡಿದ್ದೀರಲ್ಲ, ಅದನ್ನು ಕಡಿಯಲು ಸಾಧ್ಯವಾದದ್ದು ಈ ಗುಣದಿಂದ.

ಆದರೆ ಜಂಬಿಟ್ಟಿಗೆಗೆ ಇನ್ನೊಂದು ಗುಣವಿದೆ. ಮೈ ತುಂಬ ತೂತು. ಕೆಲವು ತೂತು ಖಾಲಿ, ಕೆಲವಕ್ಕೆ ಮೆದು ಜೇಡಿ ತುಂಬಿರುತ್ತದೆ. ನೀರು ಕುಡಿಯುತ್ತದೆ, ಒಳಗೊಳಗೇ ಸಾಗಿಸುತ್ತದೆ. ಬೀದರದ ನೌಬಾದಿನ ಸುರಂಗ ಬಾವಿಗೆ ನೀರು ಬಂದದ್ದು ಈ ಕೆಂಪು ಕಲ್ಲಿನಲ್ಲಿ ಇಂಗಿ, ಕೆಳಗಿನ ಕರಿಕಲ್ಲಿನ ಮೇಲೆ ಹರಿದು. ಸುರಂಗ ತೋಡಿದವರಿಗೆ ವರವಾದ ಗುಣ ಸ್ಕ್ರೂ ಹೊಡೆಯುವವರಿಗೆ ಶಾಪ. ಮಳೆ ಹೊಡೆಯುವ ಕಡೆಯ ಗೋಡೆಯಾದರೆ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತದೆ. ಗಿಟ್ಟಿ ಕೂತ ಜಾಗದಲ್ಲೇ ಜೇಡಿಯ ಗೂಡು ಸಿಕ್ಕರೆ ಸ್ಕ್ರೂ ಎಷ್ಟು ತಿರುಗಿಸಿದರೂ ಬಿಗಿಯುವುದಿಲ್ಲ.

ಇಲ್ಲಿ ಗಿಟ್ಟಿಯ ಕೆಲಸ ಸ್ವಲ್ಪ ತಿಳಿಯಬೇಕು. ಜರ್ಮನಿಯ ಆರ್ಟರ್ ಫಿಷರ್ 1958ರಲ್ಲಿ ರೂಪಿಸಿದ ನೈಲಾನ್ ಗಿಟ್ಟಿಯ ವಂಶದ್ದೇ ಇಂದು ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುವುದು. ಸ್ಕ್ರೂ ಒಳಗೆ ಹೋದಂತೆ ಗಿಟ್ಟಿ ಹಿಗ್ಗಿ ತೂತಿನ ಗೋಡೆಯನ್ನು ಒತ್ತುತ್ತದೆ, ಆ ಒತ್ತಡದಿಂದಲೇ ಹಿಡಿತ. ಒತ್ತಿಸಿಕೊಳ್ಳಲು ಸುತ್ತ ಗಟ್ಟಿ ವಸ್ತು ಇರಬೇಕು. ಆದ್ದರಿಂದ ಕೆಂಪು ಕಲ್ಲಿಗೆ ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ ಬರೀ ತಿರುಗಿಸಿ ಕೊರೆಯಬೇಕು. ಕುಟ್ಟಿದರೆ ತೂತಿನ ಅಂಚು ಒಡೆದು ಅಗಲವಾಗುತ್ತದೆ. ಕಲ್ಲಿನ ನಡುಮಧ್ಯೆ ಕೊರೆಯಬೇಕು, ಎರಡು ಕಲ್ಲು ಕೂಡುವ ಸಂದಿಯಲ್ಲಿ ಅಲ್ಲ. ಪುಡಿ ಪೂರಾ ಊದಿ ತೆಗೆಯಬೇಕು. ಅಗ್ಗದ ಬಿಳಿ ಪ್ಲಾಸ್ಟಿಕ್ ಬಿಟ್ಟು 10 ಮಿಲಿಮೀಟರ್ ದಪ್ಪದ, ಮೂರು ಇಂಚಿನ ನೈಲಾನ್ ಗಿಟ್ಟಿ ಹಾಕಿಸಬೇಕು. ಅದೂ ಹಿಡಿಯದಿದ್ದರೆ ಕೆಮಿಕಲ್ ಆಂಕರ್ ಎಂಬ ಅಂಟು ಸಿಗುತ್ತದೆ. ಅದು ತೂತಿನೊಳಗಿನ ಸಣ್ಣ ಗೂಡುಗಳಿಗೂ ನುಗ್ಗಿ ಗಟ್ಟಿಯಾಗುತ್ತದೆ, ಗೋಡೆಯನ್ನು ಒತ್ತಿ ಒಡೆಯುವುದಿಲ್ಲ. ಹಳೆಯ ಕಾಲದ ಮರದ ಗುಟ್ಕ ಮಾತ್ರ ಬೇಡ. ಮಳೆಗಾಲದಲ್ಲಿ ಉಬ್ಬಿ ಬಿಗಿಯಾಗಿರುವ ಮರ ನಮ್ಮ ಏಪ್ರಿಲ್ ಬಿಸಿಲಿಗೆ ಒಣಗಿ ಸಡಿಲಾಗುತ್ತದೆ. ಅಣ್ಣನ ಮನೆಗೆ ಕಾಂಕ್ರೀಟ್ ಪಿಲ್ಲರ್ ಇದ್ದರೆ ಇಷ್ಟೆಲ್ಲ ತಾಪತ್ರಯವೇ ಇಲ್ಲ. ಪಿಲ್ಲರಿಗೆ ಆಂಕರ್ ಬೋಲ್ಟ್ ಹೊಡೆಸಿ ನಿಶ್ಚಿಂತೆಯಿಂದ ಇರಬಹುದು.

ಅಣ್ಣ ಹಾಕಿಸಿದ ಬ್ರಾಕೆಟ್ಟಿನ ಲೆಕ್ಕವನ್ನೂ ನೋಡೋಣ. ತುಂಬಿದ ಕೊಡವನ್ನು ಹೆಂಗಸರು ಸೊಂಟದ ಮೇಲಿಟ್ಟು ಅರ್ಧ ಮೈಲಿ ನಡೆಯುತ್ತಾರೆ. ಅದೇ ಕೊಡವನ್ನು ತೋಳು ನೀಡಿ ಹಿಡಿ ಎಂದರೆ ನೂರು ಎಣಿಸುವಷ್ಟರಲ್ಲಿ ಭುಜ ಸೋಲುತ್ತದೆ. ಕೊಡದ ತೂಕ ಹೆಚ್ಚಿಲ್ಲ, ದೂರ ಹೆಚ್ಚಿದೆ. ನಿಮ್ಮ 43 ಇಂಚಿನ ಟಿವಿ ಸುಮಾರು 8 ಕಿಲೋ ಇರುತ್ತದೆ. ಗೋಡೆಗೆ ಅಂಟಿದಂತೆ ಕೂರುವ ಸಾದಾ ಬ್ರಾಕೆಟ್ಟಿನಲ್ಲಿ ಅದರ ಭಾರದ ಕೇಂದ್ರ ಗೋಡೆಯಿಂದ 6 ಸೆಂಟಿಮೀಟರ್ ದೂರ ಎನ್ನಿ. ಮೇಲಿನ ಸ್ಕ್ರೂಗೂ ಕೆಳಗಿನ ಸ್ಕ್ರೂಗೂ ನಡುವೆ 15 ಸೆಂಟಿಮೀಟರ್. 8ನ್ನು 6ರಿಂದ ಗುಣಿಸಿ 15ರಿಂದ ಭಾಗಿಸಿದರೆ ಸುಮಾರು 3. ಅಂದರೆ ಮೇಲಿನ ಸ್ಕ್ರೂಗಳನ್ನು ಗೋಡೆಯಿಂದ ಹೊರಗೆ ಕೀಳಲು ಮೂರು ಕಿಲೋದಷ್ಟು ಎಳೆತ. ಅದೇ ಟಿವಿಯನ್ನು ಮಡಿಚುವ ತೋಳಿಗೆ ಹಾಕಿ 40 ಸೆಂಟಿಮೀಟರ್ ಹೊರಗೆ ಎಳೆದರೆ ಎಳೆತ 21 ಕಿಲೋ. ಹೆಚ್ಚು ಕಡಿಮೆ ಏಳು ಪಟ್ಟು! ಅದರ ಮೇಲೆ ದಿನಕ್ಕೆ ಹತ್ತು ಸಲ ಮಕ್ಕಳು ಅತ್ತ ಇತ್ತ ತಿರುಗಿಸುವಾಗ ಗಿಟ್ಟಿ ಅಲುಗಿ ಅಲುಗಿ ತೂತು ಸವೆಯುತ್ತದೆ. ಕಾಂಕ್ರೀಟಿಗೆ, ಒಳ್ಳೆಯ ಇಟ್ಟಿಗೆ ಗೋಡೆಗೆ ಇದು ದೊಡ್ಡದಲ್ಲ. ಕೆಂಪು ಕಲ್ಲಿಗೆ ಯೋಚಿಸಬೇಕಾದ ಮಾತು. ನಿಮ್ಮ ಗೋಡೆಗೆ ಬೇಡವೇ ಬೇಡ.

ಏಕೆ ಬೇಡ ಎನ್ನಲು ಭಾಲ್ಕಿಯ ಗೋಡೆಯ ಒಳಗೆ ಇಣುಕಬೇಕು. ಬೀದರದ ಎತ್ತರದಿಂದ ಭಾಲ್ಕಿ, ಔರಾದ ಕಡೆ ಇಳಿದರೆ ನೆಲ ಕಪ್ಪಾಗುತ್ತದೆ, ಕಲ್ಲೂ ಕಪ್ಪಾಗುತ್ತದೆ. ಕರಿಕಲ್ಲು ಬಲು ಗಟ್ಟಿ, ಒಂದೊಂದು ಕಲ್ಲೂ ಉಕ್ಕಿನಂಥದು. ಆದರೆ ಗೋಡೆಯ ಗಟ್ಟಿತನ ಕಲ್ಲಿನದಲ್ಲ, ಕಲ್ಲು ಕಲ್ಲನ್ನು ಹಿಡಿದಿರುವ ವಸ್ತುವಿನದು. ಹಳೆಯ ಮನೆಗಳಲ್ಲಿ ಆ ವಸ್ತು ಮಣ್ಣು. ಎರಡು ಅಡಿ ದಪ್ಪದ ಗೋಡೆ ಎಂದು ಹೆಮ್ಮೆಪಡುತ್ತೇವೆ. ಎಷ್ಟೋ ಕಡೆ ಅದು ಒಂದು ಗೋಡೆಯೇ ಅಲ್ಲ; ಹೊರಮುಖಕ್ಕೊಂದು ಸಾಲು, ಒಳಮುಖಕ್ಕೊಂದು ಸಾಲು, ನಡುವೆ ಚೂರುಕಲ್ಲು ಮಣ್ಣಿನ ಭರ್ತಿ.

ಈ ಬಗೆಯ ಕಟ್ಟಡದ ಗುಟ್ಟು ಬಯಲಾದದ್ದು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ. ಗಣಪತಿ ಕಳಿಸಿ ಬಂದು ಜನ ಮಲಗಿದ್ದರು. ನಾಲ್ಕು ಹೊಡೆಯಲು ಕೆಲವೇ ನಿಮಿಷ ಇರುವಾಗ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಭಾಲ್ಕಿಯಿಂದ ಕಿಲ್ಲಾರಿ ನೂರು ಕಿಲೋಮೀಟರೂ ಇಲ್ಲ. ನಮ್ಮ ಕಡೆಯ ಹಿರಿಯರಿಗೆ ಆ ರಾತ್ರಿ ಇನ್ನೂ ಮೈಯಲ್ಲಿದೆ. ಅಲ್ಲಿ ಸಾವಿರಾರು ಜನ ಸತ್ತರು. ಆ ಭೂಕಂಪದ ತೀವ್ರತೆ ಆರರ ಆಸುಪಾಸಿನದು, ಜಗತ್ತಿನ ಲೆಕ್ಕದಲ್ಲಿ ಮಧ್ಯಮ ತರದ್ದು. ಜನರನ್ನು ಕೊಂದದ್ದು ಮಣ್ಣಿನಲ್ಲಿ ಕಟ್ಟಿದ ಆ ದಪ್ಪ ಗೋಡೆಗಳು, ಅವುಗಳ ತಲೆಯ ಮೇಲಿನ ಭಾರವಾದ ಮಣ್ಣಿನ ಮಾಳಿಗೆ. ಎರಡು ಸಾಲನ್ನೂ ಅಡ್ಡ ಹೊಲೆಯುವ ಉದ್ದನೆಯ ಕಲ್ಲುಗಳನ್ನು ನಡುನಡುವೆ ಇಡದಿದ್ದರಿಂದ ಗೋಡೆ ಪುಸ್ತಕ ಬಿಚ್ಚಿದಂತೆ ಸೀಳಿ ಬಿತ್ತು.

ನಿಮ್ಮನ್ನು ಹೆದರಿಸಲು ಈ ಮಾತು ಹೇಳಲಿಲ್ಲ. ನಿಮ್ಮ ಮನೆ ಅಜ್ಜನ ಕಾಲದಿಂದ ನಿಂತಿದೆ, ಇನ್ನೂ ನಿಲ್ಲಲಿ. ಆದರೆ ಆ ಗೋಡೆ ಮೇಲಿನಿಂದ ಬರುವ ಭಾರವನ್ನು ಕೆಳಗೆ ಒತ್ತಿ ಹೊರಲು ಕಟ್ಟಿದ್ದು. ಮುಖದ ಮೇಲಿನ ಒಂದು ಕಲ್ಲನ್ನು ಮುಂದಕ್ಕೆ ಎಳೆದರೆ ತಡೆಯಲು ಅದಕ್ಕೆ ಆಧಾರವಿಲ್ಲ. ತೋಳಿನ ಬ್ರಾಕೆಟ್ ಮಾಡುವುದು ಅದೇ ಎಳೆತವನ್ನು. ಕೊರೆಯುವ ಹುಡುಗನಿಗೆ ಅದೃಷ್ಟಕ್ಕೆ ಕರಿಕಲ್ಲೇ ಸಿಕ್ಕಿದರೂ, ಆ ಕಲ್ಲು ಮಣ್ಣಿನಲ್ಲಿ ಕೂತಿದೆ. ಅವನ ಡ್ರಿಲ್ಲಿನ ಹೊಡೆತಕ್ಕೆ ಅದೇ ಸಡಿಲಾಗಬಹುದು. ಟಿವಿ ಹಚ್ಚುವುದು ಅವನ ಕೆಲಸ. ಗೋಡೆ ಪರೀಕ್ಷೆ ಅವನ ಕೆಲಸವಲ್ಲ, ಅವನನ್ನು ಬಯ್ಯಬೇಡಿ.

ಹಾಗಾದರೆ ದಾರಿ? ಹಳೆಯ ಮನೆಯಲ್ಲಿ ಗೋಡೆಗಿಂತ ನಂಬಿಗಸ್ತ ಇನ್ನೊಂದಿದೆ. ಮಾಳಿಗೆ ಹೊತ್ತ ಮರದ ಕಂಬ. ಪಡಸಾಲೆಯಲ್ಲಿ ಎರಡು ಕಂಬ ಹತ್ತಿರ ಇದ್ದರೆ ಅಡ್ಡಲಾಗಿ ದಪ್ಪ ಸಾಗವಾನಿ ಹಲಗೆ ಬಿಗಿಸಿ, ಹಲಗೆಗೆ ಸಾದಾ ಬ್ರಾಕೆಟ್ ಹಾಕಬಹುದು. ಅದಕ್ಕೂ ಮುಂಚೆ ಕಂಬದ ಬುಡವನ್ನು ಸ್ಕ್ರೂಡ್ರೈವರ್ ತುದಿಯಿಂದ ಚುಚ್ಚಿ ನೋಡಿ. ಒರಲಿ ತಿಂದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಕಂಬ ಇಲ್ಲವೆಂದರೆ ನೆಲಕ್ಕೆ ಭಾರ ಕೊಡಿ. ಮೇಜು, ಟಿವಿ ಸ್ಟ್ಯಾಂಡು, ಇಲ್ಲವೇ ಅಜ್ಜಿಯ ಸಂದೂಕ. ಸಂದೂಕ ಎಂದರೆ ನಗಬೇಡಿ, ಅದಕ್ಕಿಂತ ಗಟ್ಟಿ ಟಿವಿ ಸ್ಟ್ಯಾಂಡನ್ನು ನಾನು ಕಂಡಿಲ್ಲ.

ಔರಾದದ ಅತ್ತೆಯವರ ಮನೆಗೂ ಇದೇ ಉತ್ತರ, ಇನ್ನೂ ಒತ್ತಿ. ಅಲ್ಲಿನ ಕಪ್ಪು ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ನಿಂತ ಮನೆಯೂ ವರ್ಷಕ್ಕೊಮ್ಮೆ ಏರಿ ಇಳಿಯುತ್ತದೆ. ಬಾಗಿಲು, ಕಿಟಕಿಯ ಮೂಲೆಯಿಂದ ಓರೆಯಾಗಿ ಹೋದ ಬಿರುಕು ನೋಡಿ: ಮೇ ತಿಂಗಳಲ್ಲಿ ಬೆರಳು ಹೋಗುತ್ತದೆ, ಆಗಸ್ಟಿನಲ್ಲಿ ಮುಚ್ಚಿಕೊಂಡಿರುತ್ತದೆ. ಅಂಥ ಗೋಡೆಯಲ್ಲಿ ಗಿಟ್ಟಿ ಒಂದು ಋತು ಬಿಗಿ, ಒಂದು ಋತು ಸಡಿಲು. ಅಲ್ಲಿ ಒಂದು ಮೊಳೆಯನ್ನೂ ಟಿವಿಯ ಭಾರಕ್ಕೆ ನಂಬಬೇಡಿ. ಇನ್ನೊಂದು ಮಾತು: ಯಾವ ಮನೆಯಾದರೂ ಸರಿ, ಹಿರಿಯರು ತಲೆ ಹಾಕಿ ಮಲಗುವ ಹೊರಸಿನ ಮೇಲ್ಗಡೆ, ತೊಟ್ಟಿಲಿನ ಮೇಲ್ಗಡೆ ಟಿವಿ ಬೇಡ.

ಮೇಜಿನ ಮೇಲಿಟ್ಟರೆ ಕೆಳಗಾಗುತ್ತದಲ್ಲ ಎನ್ನುತ್ತೀರಿ. ಕೆಳಗೆ ಇರುವುದೇ ಸರಿ. ಬಸ್ ನಿಲ್ದಾಣದಲ್ಲಿ, ಖಾನಾವಳಿಯಲ್ಲಿ ನಿಂತವರ ತಲೆಯ ಮೇಲಿಂದ ಕಾಣಲೆಂದು ಟಿವಿಯನ್ನು ಎತ್ತರಕ್ಕೆ ಹಾಕುತ್ತಾರೆ. ಮನೆಯಲ್ಲಿ ನಿಂತು ಯಾರೂ ಧಾರಾವಾಹಿ ನೋಡುವುದಿಲ್ಲ. ಪರದೆಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ಅಥವಾ ತುಸು ಕೆಳಗೆ ಇದ್ದರೆ ಕುತ್ತಿಗೆಗೆ ಸುಖ. ಸೋಫಾದಲ್ಲಿ ಕೂತವರ ಕಣ್ಣು ನೆಲದಿಂದ ಮೂರೂವರೆ ಅಡಿಯ ಸುಮಾರು. ನಮ್ಮ ಮನೆಗಳಂತೆ ಜಮಖಾನ ಹಾಸಿ ನೆಲದ ಮೇಲೆ ಕೂತರೆ ಎರಡೂವರೆ ಅಡಿ. 43 ಇಂಚು ಎಂಬುದು ಮೂಲೆಯಿಂದ ಮೂಲೆಗೆ ಅಳೆದದ್ದು. ಪರದೆಯ ಎತ್ತರ 21 ಇಂಚು ಮಾತ್ರ. ಹಾಗಾಗಿ ನೆಲದ ಮೇಲೆ ಕೂರುವ ಮನೆಯಲ್ಲಿ ಪರದೆಯ ಕೆಳ ಅಂಚು ನೆಲದಿಂದ ಒಂದೂವರೆ ಅಡಿಯ ಆಸುಪಾಸು ಇದ್ದರೆ ಸಾಕು. ಅಳೆದು ನೋಡಿ, ಸಂದೂಕದ ಎತ್ತರವೂ ಹೆಚ್ಚು ಕಡಿಮೆ ಅಷ್ಟೇ ಇರುತ್ತದೆ. ನೋಡುವವರು ಐದರಿಂದ ಏಳು ಅಡಿ ದೂರ ಕೂರಲಿ. ಎತ್ತರಕ್ಕೇ ಹಾಕಬೇಕಾದ ಅನಿವಾರ್ಯ ಇದ್ದರೆ ಮಾತ್ರ ಮುಂದಕ್ಕೆ ಬಾಗಿಸುವ ಬ್ರಾಕೆಟ್ ಬೇಕು.

ಕೆಳಗಿಟ್ಟ ಟಿವಿಗೂ ಒಂದು ಅಪಾಯವಿದೆ, ಮಕ್ಕಳು ಎಳೆದು ಮೈಮೇಲೆ ಬೀಳಿಸಿಕೊಳ್ಳುವುದು. ಟಿವಿಯ ಎರಡೂ ಕಾಲು ಪೂರ್ತಿ ಮೇಜಿನ ಮೇಲಿರಬೇಕು. ಈಗಿನ ಟಿವಿಗಳಿಗೆ ಕಾಲು ಎರಡು ತುದಿಗೆ ಇರುವುದರಿಂದ ಮೇಜು ಎಷ್ಟು ಅಗಲ ಬೇಕೆಂದು ಅಳೆದುಕೊಂಡೇ ಅಂಗಡಿಗೆ ಹೋಗಿ. ಹಿಂಭಾಗದ ಸ್ಕ್ರೂ ತೂತಿಗೆ ಒಂದು ಗಟ್ಟಿ ಪಟ್ಟಿ ಕಟ್ಟಿ ಮೇಜಿನ ಹಿಂಬದಿಗೆ ಬಿಗಿಯಿರಿ. ಟಿವಿಯ ಮೇಲೆ ಬಟ್ಟೆ ಹೊದಿಸಿ ನಡೆಸಬೇಡಿ, ಹಿಂದೆ ನಾಲ್ಕು ಬೆರಳು ಗಾಳಿ ಆಡಲಿ. ಮುಂಗಾರಿಗೆ ಮುಂಚಿನ ಗುಡುಗಿನ ಸಂಜೆಗಳಲ್ಲಿ ಪ್ಲಗ್ಗನ್ನೂ ಡಿಶ್ ವೈರನ್ನೂ ಕಿತ್ತಿಡಿ.

ಇನ್ನು ಅಣ್ಣನಂತೆ ಗೋಡೆಗೇ ಹಚ್ಚುವವರು ಬ್ರಾಕೆಟ್ ಕೊಳ್ಳುವಾಗ ಕೇಳಬೇಕಾದ ಮಾತು ಎರಡೇ. ಮೊದಲನೆಯದು ವೆಸಾ ಅಳತೆ. ಟಿವಿ ಬೆನ್ನಿನ ನಾಲ್ಕು ತೂತುಗಳ ನಡುವಿನ ಅಡ್ಡ-ಉದ್ದ ದೂರವನ್ನು ಮಿಲಿಮೀಟರಿನಲ್ಲಿ ಹೇಳುವ ಈ ಒಪ್ಪಂದ ಕಂಪನಿ ಯಾವುದಾದರೂ ಒಂದೇ. 43 ಇಂಚಿಗೆ ಸಾಮಾನ್ಯವಾಗಿ 200×200 ಇರುತ್ತದೆ, ಆದರೆ ಅಳೆಯದೆ ನಂಬಬೇಡಿ. ಎರಡನೆಯದು ಸ್ಕ್ರೂ. ದೊಡ್ಡ ಟಿವಿಗೆ ಎಂ6 ಅಥವಾ ಎಂ8, ಮಾನಿಟರಿಗೆ ಎಂ4. ಉದ್ದ ಹೆಚ್ಚಾದರೆ ಒಳಗಿನ ಪ್ಯಾನೆಲ್ಲಿಗೆ ಚುಚ್ಚುತ್ತದೆ, ಕಡಿಮೆಯಾದರೆ ಎರಡು ಸುತ್ತಿಗೇ ಕಚ್ಚಿ ಜಾರುತ್ತದೆ. ಕೈಯಿಂದಲೇ ಐದಾರು ಸುತ್ತು ಸಲೀಸಾಗಿ ಹೋಗಬೇಕು.

ಮಗನ ಮಾನಿಟರಿಗೆ ಬರೋಣ. ಮೇಜಿನ ಅಂಚಿಗೆ ಕಚ್ಚುವ ತೋಳುಗಳು ನೋಡಲು ಚೆಂದ. ಅವುಗಳ ವೆಸಾ ಅಳತೆ 75×75 ಅಥವಾ 100×100. ಗ್ಯಾಸ್ ಸ್ಪ್ರಿಂಗ್ ತೋಳಾದರೆ ಇಷ್ಟರಿಂದ ಇಷ್ಟು ಕಿಲೋ ಎಂದು ಬರೆದಿರುತ್ತದೆ. ಮಾನಿಟರ್ ಆ ಎರಡರ ನಡುವೆ ಇರಬೇಕು. ಹೆಚ್ಚು ಭಾರವಾದರೆ ಕೆಳಗೆ ಕುಸಿಯುವುದು ಎಲ್ಲರಿಗೂ ಗೊತ್ತು, ತೀರ ಹಗುರಾದರೆ ತಾನಾಗಿ ಮೇಲೇಳುವುದು ಕೊಂಡವರಿಗಷ್ಟೇ ಗೊತ್ತಾಗುತ್ತದೆ. ಆಮೇಲೆ ಮೇಜು. ಮುಕ್ಕಾಲು ಇಂಚಿನ ಗಟ್ಟಿ ಪ್ಲೈವುಡ್ ಅಥವಾ ಮರವಾದರೆ ಸರಿ. ಒತ್ತಿದ ಮರದಪುಡಿಯ ಹಲಗೆಯಾದರೆ ಕಚ್ಚಿದ ಕಡೆ ಜಜ್ಜುತ್ತದೆ, ಗಾಜಿನ ಮೇಜಿಗೆ ಮಾತ್ರ ಎಂದೂ ಬೇಡ. ಇಲ್ಲೂ ಗೋಡೆಯದೇ ಮಾತು: ತೋಳಿನ ಬಲ ಅದನ್ನು ಹಿಡಿದುಕೊಂಡದ್ದರ ಬಲ.

ಆದರೆ ಮಗನಿಗೆ ಬೇಕಾದದ್ದು ತೋಳಲ್ಲ, ಎತ್ತರ. ಕೂತಾಗ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರಬೇಕು, ಪರದೆ ಒಂದು ತೋಳಳತೆ ದೂರ ಇರಬೇಕು. ಮಾನಿಟರಿನ ಸ್ವಂತ ಸ್ಟ್ಯಾಂಡು ತಗ್ಗಾಗಿದ್ದರೆ ಕೆಳಗೆ ಒಂದು ಮಣೆ ಇಡಿ. ಊಟಕ್ಕೆ ಕೂರುವ ಮಣೆಯೇ, ಬೇರೇನೂ ಬೇಡ. ಸಾಲದಿದ್ದರೆ ಅದರ ಮೇಲೊಂದು. ಮಣೆಯ ಕೆಳಗಿನ ಸಂದಿಯಲ್ಲಿ ಕೀಬೋರ್ಡು ಸರಿಸಿಟ್ಟರೆ ಬರೆಯಲು ಮೇಜು ಖಾಲಿ ಸಿಗುತ್ತದೆ. ಅದೇ ಮಾನಿಟರನ್ನು ಎರಡು ಭಾಗದ ಕನ್ನಡಕ ಹಾಕುವ ಹಿರಿಯರು ಬಳಸುವಾಗ ಮಣೆ ತೆಗೆಯಿರಿ, ಅವರಿಗೆ ಪರದೆ ತಗ್ಗಿದ್ದರೇ ಓದಲು ಹಗುರ.

ಕೊನೆಗೆ ಒಂದು ಕೆಲಸ ಇವತ್ತೇ ಮಾಡಿ. ಟಿವಿ ಬಂದ ರಟ್ಟಿನ ಡಬ್ಬಿಯನ್ನು ಅಟ್ಟಕ್ಕೆ ಎಸೆದಿದ್ದರೆ ಇಳಿಸಿ, ರದ್ದಿಯವನಿಗೆ ಕೊಡಲು ಹೊರಗಿಟ್ಟಿದ್ದರೆ ಒಳಗೆ ತನ್ನಿ. ಥರ್ಮೋಕೋಲಿನ ಸಂದಿಯಲ್ಲಿ ಕೈಯಾಡಿಸಿದರೆ ಪ್ಲಾಸ್ಟಿಕ್ ಚೀಲದಲ್ಲಿ ಟಿವಿಯ ಎರಡು ಕಾಲು, ಜೊತೆಗೆ ಅವುಗಳ ಸ್ಕ್ರೂ ಸಿಗುತ್ತವೆ. ಗೋಡೆಗೆ ಹಚ್ಚುವವರು ಅವನ್ನು ಬಿಚ್ಚಿ ಕೂಡ ನೋಡುವುದಿಲ್ಲ. ಆ ಟಿವಿಯ ತೂಕಕ್ಕೆ, ಅಳತೆಗೆ ಸರಿಯಾಗಿ ಮಾಡಿದ ಸ್ಟ್ಯಾಂಡು ಅದೇ, ಅದಕ್ಕೆ ನೀವು ದುಡ್ಡನ್ನೂ ಕೊಟ್ಟಾಗಿದೆ. ಯಾವ ಬ್ರಾಕೆಟ್ ಛಲೋ ಎಂದು ಕೇಳಿದ್ದಿರಿ. ಭಾಲ್ಕಿಯ ನಿಮ್ಮ ಮನೆಗೆ, ಔರಾದದ ಅತ್ತೆಯವರ ಮನೆಗೆ, ಆ ಎರಡು ಕಾಲುಗಳಷ್ಟು ಛಲೋದು ಇನ್ನೊಂದಿಲ್ಲ.